ಪೆಂಗ್ವಿನ್ ಬರೆದ ಕೈ ಹಾಕಿದ ಸಹಿ

1952ರಲ್ಲಿ ಲಂಡನ್ನಿನ ರೂಪರ್ಟ್ ಹಾರ್ಟ್-ಡೇವಿಸ್ ಪ್ರಕಾಶನದಿಂದ 'ಒನ್ ಆಫ್ ಅವರ್ ಸಬ್‌ಮರೀನ್ಸ್' ಎಂಬ ಪುಸ್ತಕ ಬಂತು. ಬರೆದವರು ಎಡ್ವರ್ಡ್ ಯಂಗ್. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸಬ್‌ಮರೀನ್ ನಡೆಸಿದವರು. ಯುದ್ಧದ ನೆನಪುಗಳನ್ನು ಬರೆದ ಕಮಾಂಡರ್‌ಗಳು ಬೇಕಾದಷ್ಟಿದ್ದಾರೆ. ಆದರೂ ಇವರ ಸಹಿ ಇರುವ ಮೊದಲ ಆವೃತ್ತಿಯ ಪ್ರತಿ ಸಿಕ್ಕರೆ ಹಳೇ ಪುಸ್ತಕ ಕೂಡಿಡುವವರು ಬಿಡುವುದಿಲ್ಲ. ಯಾಕೆ ಅಂತ ತಿಳಿಯಲು 1935ಕ್ಕೆ ಹೋಗಬೇಕು.

ಆ ವರ್ಷ ಲಂಡನ್ನಿನ ಪ್ರಕಾಶಕ ಅಲೆನ್ ಲೇನ್ ಆರು ಪೆನ್ಸಿನ ಅಗ್ಗದ ಪುಸ್ತಕಗಳನ್ನು ತರಲು ಹೊರಟಿದ್ದರು. ಅವಕ್ಕೆ ಪೆಂಗ್ವಿನ್ ಅನ್ನೋ ಹೆಸರು ಸೂಚಿಸಿದ್ದು ಅವರ ಸೆಕ್ರೆಟರಿ. ಲಾಂಛನಕ್ಕೆ ಪೆಂಗ್ವಿನ್ ಚಿತ್ರ ಬರೆದು ತರಲು ಲಂಡನ್ ಮೃಗಾಲಯಕ್ಕೆ ಹೋದದ್ದು ಕಚೇರಿಯ ಹುಡುಗ ಯಂಗ್. ಆಗ ವಯಸ್ಸು ಇಪ್ಪತ್ತೊಂದೋ ಇಪ್ಪತ್ತೆರಡೋ. ಆ ಹಕ್ಕಿಗಳ ನಾತ ತಡೆಯೋಕಾಗಲ್ಲ ಅಂತ ಗೊಣಗಿಕೊಂಡೇ ವಾಪಸ್ ಬಂದರಂತೆ!

ಯುದ್ಧ ಶುರುವಾದ ಮೇಲೆ ಯಂಗ್ ನೌಕಾಪಡೆಯ ಸ್ವಯಂಸೇವಕ ಮೀಸಲು ದಳ ಸೇರಿದರು. 1941ರ ಜುಲೈನಲ್ಲಿ ಅವರಿದ್ದ 'ಅಂಪೈರ್' ಸಬ್‌ಮರೀನ್ ನಾರ್ಫೋಕ್ ಕರಾವಳಿಯಾಚೆ ರಾತ್ರಿ ಹೊತ್ತು ಸಾಗುತ್ತಿತ್ತು. ಎಂಜಿನ್ ಕೆಟ್ಟು ಜೊತೆಗಿದ್ದ ಹಡಗುಗಳಿಂದ ಹಿಂದೆ ಬಿದ್ದಿತ್ತು. ಎದುರಿನಿಂದ ಬಂದ ಹಡಗುಗಳ ಸಾಲಿನಲ್ಲಿದ್ದ ಟ್ರಾಲರ್ ಒಂದು ಗುದ್ದಿತು. ಶತ್ರುವಿನದ್ದಲ್ಲ, ತಮ್ಮವರದ್ದೇ. ಸಬ್‌ಮರೀನ್ ಸಮುದ್ರದ ತಳಕ್ಕೆ ಹೋಗಿ ಕೂತಿತು. 22 ಜನ ಸತ್ತರು. ಯಂಗ್ ಸಬ್‌ಮರೀನಿನ ನೆತ್ತಿಯ ಮೇಲಿನ ಗೋಪುರದ (ಕಾನಿಂಗ್ ಟವರ್) ಮುಚ್ಚಳ ತೆರೆದು, ಕತ್ತಲ ನೀರಿನಲ್ಲಿ ಮೇಲೆದ್ದು ಬಂದರು. ಇಷ್ಟಾದ ಮೇಲೂ ಮತ್ತೆ ಸಬ್‌ಮರೀನಿಗೇ ಹೋದರಲ್ಲ, ಅದು ನನಗೆ ಇವತ್ತಿಗೂ ಅರ್ಥವಾಗದ ವಿಷಯ.

ಮುಂದೆ 'ಸ್ಟಾರ್ಮ್' ಸಬ್‌ಮರೀನಿನ ಕಮಾಂಡರ್ ಆದರು. ಸ್ವಯಂಸೇವಕ ಮೀಸಲು ದಳದವರೊಬ್ಬರಿಗೆ ಯುದ್ಧಕ್ಕಿಳಿಯುವ ಸಬ್‌ಮರೀನ್ ಒಪ್ಪಿಸಿದ್ದು ಅದೇ ಮೊದಲು. 1944ರಲ್ಲಿ ಸಿಲೋನಿನ ಟ್ರಿಂಕೊಮಲಿಯಿಂದ ಹೊರಟು ಮಲಕ್ಕಾ ಜಲಸಂಧಿಯಲ್ಲಿ ಜಪಾನಿ ಹಡಗುಗಳ ಬೇಟೆಯಾಡಿದರು.

ಯುದ್ಧ ಮುಗಿಸಿ ಪುಸ್ತಕದ ಕೆಲಸಕ್ಕೇ ಮರಳಿದರು. ನೆನಪುಗಳನ್ನು ಬರೆದರು. 1954ರಲ್ಲಿ ಪೆಂಗ್ವಿನ್ ತನ್ನ 1000ನೇ ಪುಸ್ತಕಕ್ಕೆ ಆರಿಸಿಕೊಂಡಿದ್ದು ಇದನ್ನೇ. ಮೊದಲ ಆವೃತ್ತಿ ಹುಡುಕುವವರಿಗೆ ಗೊಂದಲ ಇಲ್ಲೇ ಜಾಸ್ತಿ. ಪೆಂಗ್ವಿನ್‌ನ ಮೊದಲ ಮುದ್ರಣ ಇದ್ದರೂ ಅದು ಮೊದಲ ಆವೃತ್ತಿಯಲ್ಲ. 1952ರ ಗಟ್ಟಿ ರಟ್ಟಿನ ಪ್ರತಿಯೇ ಆಗಬೇಕು. ಹಕ್ಕುಸ್ವಾಮ್ಯದ ಪುಟದಲ್ಲಿ ಮರುಮುದ್ರಣದ ಸಾಲು ಇರಬಾರದು. ಕಾಗದದ ಹೊದಿಕೆ ಇಲ್ಲದಿದ್ದರೆ ಬೆಲೆ ಇಳಿದೇ ಇಳಿಯುತ್ತದೆ. ಸಹಿ ಪುಟದ ಮೇಲೇ ಇದೆಯೋ, ಚೀಟಿಯ ಮೇಲೆ ಹಾಕಿ ಆಮೇಲೆ ಅಂಟಿಸಿದ್ದೋ ನೋಡಬೇಕು. ಸಬ್‌ಮರೀನಿನಲ್ಲಿ ಜೊತೆಗಿದ್ದವರಿಗೇ ಬರೆದು ಕೊಟ್ಟ ಪ್ರತಿಯಾದರೆ ಮಾತೇ ಬೇರೆ.

ನನ್ನನ್ನು ಕೇಳಿದರೆ, ಆ 1000ನೇ ಪೇಪರ್‌ಬ್ಯಾಕ್ ಮೇಲೆ ಯಂಗ್ ಸಹಿ ಇದ್ದರೆ ಅದನ್ನೇ ಎತ್ತಿಕೊಳ್ಳುತ್ತೇನೆ. ರಕ್ಷಾಪುಟದಲ್ಲಿ ಅವರ ಪೆಂಗ್ವಿನ್ ಇದೆಯಲ್ಲ! ಇದೆ, ಆದರೆ ಪೂರ್ತಿ ಅವರದ್ದಲ್ಲ. ಅಷ್ಟರಲ್ಲಾಗಲೇ ಪೆಂಗ್ವಿನ್ ಪುಸ್ತಕಗಳ ವಿನ್ಯಾಸಕರಾಗಿದ್ದ ಯಾನ್ ಚಿಹೋಲ್ಡ್ ಅದನ್ನು ತಿದ್ದಿ ಮತ್ತೆ ಬರೆದಿದ್ದರು.