ರಿಕ್ವೈರ್ಸ್ ನ್ಯೂ ಹಚ್ಚೂಕಿಂತ ಮೊದ್ಲ ಪೂಲ್ ಎಷ್ಟೈತಿ ನೋಡ್ರಿ

ಬ್ಯಾಡಗಿ ಮೆಣಸಿನಕಾಯಿ ಸೀಸನ್ನು. ಒಂದಿಷ್ಟು ದಲಾಲಿ ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ನಾವು ಹುಬ್ಬಳ್ಳಿಯಿಂದ ನೋಡ್ಕೊಳ್ತಿದ್ವಿ, ಮುಂಜಾನೆಲ್ಲಾ ಚಂದ ನಡದಿತ್ತು, ಟೆಂಡರ್ ರೇಟ್ ಬಂದು ಎಲ್ಲಾ ಅಂಗಡ್ಯಾಗೂ ಒಮ್ಮೆಲೆ ಬಿಲ್ ಮಾಡಾಕ ಕುಂತ ಕೂಡ್ಲೆ ಸರ್ವರ್ ಗಪ್. ಸಿಪಿಯು ಖಾಲಿ, ಡೇಟಾಬೇಸ್ ಖಾಲಿ, ಆದ್ರ ಒಂದು ಬಿಲ್ಲೂ ಮುಂದ ಹೋಗವಲ್ದು.

ತಪ್ಪು ನಂದ ಇತ್ತು. ನಮ್ಮ ಸಾಫ್ಟ್‌ವೇರ್ ಇಜೆಬಿದಾಗ (ಎಂಟರ್‌ಪ್ರೈಸ್ ಜಾವಾ ಬೀನ್ಸ್, ಸರ್ವರ್ ಕಡೆ ಜಾವಾ ಕೋಡ್ ಬರಿಯೋ ಪದ್ಧತಿ) ಬರದದ್ದು, ಅದರಾಗ ಒಂದೊಂದು ಮೆಥಡ್‌ಗೂ ಟ್ರಾನ್ಸಾಕ್ಷನ್ (ಆದ್ರ ಪೂರ್ತಿ ಆಗ್ಬೇಕು, ಇಲ್ಲಂದ್ರ ಪೂರ್ತಿ ರದ್ದಾಗ್ಬೇಕು ಅನ್ನೋ ಡೇಟಾಬೇಸ್ ಕೆಲಸ) ಹೆಂಗ ನಡೀಬೇಕು ಅನ್ನೋ ಸೆಟ್ಟಿಂಗ್ ಹಚ್ಚತಾರ. ಬಿಲ್ ನಂಬರ್ ಕೊಡೋ ಮೆಥಡ್‌ಗೆ ರಿಕ್ವೈರ್ಸ್ ನ್ಯೂ ಅನ್ನೋ ಸೆಟ್ಟಿಂಗ್ ಹಚ್ಚಿದ್ದೆ. ಅದೇನ್ ಮಾಡ್ತೈತಿ ಅಂದ್ರ ನಡದಿರೋ ಟ್ರಾನ್ಸಾಕ್ಷನ್ ಬದಿಗಿಟ್ಟು ಹೊಸಾದು ಚಾಲೂ ಮಾಡ್ತೈತಿ, ಬದಿಗಿಟ್ಟದ್ದು ಆಗಲೇ ಡೇಟಾಬೇಸ್ ಮುಟ್ಟಿದ್ರ ತನ್ನ ಕನೆಕ್ಷನ್ ಬಿಡಂಗಿಲ್ಲ, ಹೊಸಾದಕ್ಕ ಇನ್ನೊಂದು ಬೇಕು. ಪೂಲ್‌ನ್ಯಾಗ, ಅಂದ್ರ ಡೇಟಾಬೇಸ್ ಕನೆಕ್ಷನ್‌ಗಳ ಗುಂಪಿನ್ಯಾಗ, ಇದ್ದದ್ದು 10. ಹತ್ತು ಬಿಲ್ ಒಮ್ಮೆಲೆ ಬಂದ್ರ ಹತ್ತು ಮಂದಿ ಒಂದೊಂದು ತಕ್ಕಡಿ ಹಿಡ್ಕೊಂಡು ಇನ್ನೊಂದು ಬರ್ಲಿ ಅಂತ ನಿಂತಂಗ, ಟೈಮ್‌ಔಟ್ ಆಗೂತನ ಯಾರೂ ಅಲುಗಾಡಂಗಿಲ್ಲ. ಮ್ಯಾಲೆ ಬಿಲ್ ರದ್ದಾದ್ರೂ ನಂಬರ್ ಕಮಿಟ್ (ಕಾಯಂ) ಆಗಿರ್ತೈತಿ, ನಡುವ ನಂಬರ್ ಹಾರಿದ್ಯಾಕ ಅಂತ ಲೆಕ್ಕ ಬರಿಯೋರು ಬೈತಾರ. ಅದನ್ನ ರಿಕ್ವೈರ್ಡ್‌ಗೆ ತಂದ್ವಿ, ಅಂದ್ರ ನಡದಿರೋ ಟ್ರಾನ್ಸಾಕ್ಷನ್ ಇದ್ರ ಅದರಾಗ ಸೇರ್ತೈತಿ, ಇಲ್ಲಂದ್ರ ಹೊಸಾದು ಚಾಲೂ ಮಾಡ್ತೈತಿ. ನಂಬರ್ ಇಟ್ಟಿರೋ ಡೇಟಾಬೇಸ್ ಸಾಲಿನ ಲಾಕ್‌ಗೆ ಬಿಲ್‌ಗಳು ಒಂದರ ಹಿಂದ ಒಂದು ನಿಲ್ತಾವು, ಖರೆ, ಅದಕ್ಕ ನಂಬರ್ ತಗೊಳ್ಳೂದನ್ನ ಕಡೀಕ ಇಟ್ವಿ.

ಇಜೆಬಿದಾಗ ಏನೂ ಹಚ್ಚಲಿಲ್ಲಂದ್ರ ರಿಕ್ವೈರ್ಡ್ ಅಂತನ ಲೆಕ್ಕ, ಮುಕ್ಕಾಲು ಮೆಥಡ್‌ಗೆ ಅದ ಸಾಕು. ನಾನು ಕೇಳೋದು ಒಂದ, ಇದು ಕೆಟ್ರ ಕರದವಂದೂ ಕೆಡಬೇಕೋ ಬ್ಯಾಡೋ? ರೈತನ ಖಾತೆಗೆ ಜಮಾ ಮಾಡೋದು ಒಬ್ಬಂಟಿ ನಡೀಲೇಬಾರದು, ಅದಕ್ಕ ಮ್ಯಾಂಡೇಟರಿ. ಟ್ರಾನ್ಸಾಕ್ಷನ್ ಇಲ್ದ ಯಾರರ ಕರದ್ರ ಎಕ್ಸೆಪ್ಷನ್ ಒಗೀತೈತಿ, ಟೆಸ್ಟಿಂಗ್‌ನ್ಯಾಗ ಸಿಗಬೀಳ್ತಾರ. ಸಪೋರ್ಟ್ಸ್ (ಟ್ರಾನ್ಸಾಕ್ಷನ್ ಇದ್ರ ಸೇರ್ತೈತಿ, ಇಲ್ಲಂದ್ರ ಇಲ್ದನ ನಡೀತೈತಿ) ನನಗ ಸೇರಂಗಿಲ್ಲ, ಕರದವನ ಮ್ಯಾಲೆ ನಡವಳಿಕೆ ಬದಲಾಗ್ತೈತಿ. ಎಸ್ಸೆಮ್ಮೆಸ್ ಕಳಿಸೋದಕ್ಕ ನಾಟ್ ಸಪೋರ್ಟೆಡ್ (ಟ್ರಾನ್ಸಾಕ್ಷನ್ ಬದಿಗಿಟ್ಟು ಅದಿಲ್ದನ ನಡಸೋದು) ಹಚ್ಚತಾರ, ಹಚ್ರಿ, ಆದ್ರ ಆಮ್ಯಾಲೆ ಬಿಲ್ ರೋಲ್‌ಬ್ಯಾಕ್ ಆದ್ರ (ಮಾಡಿದ್ದೆಲ್ಲಾ ರದ್ದಾದ್ರ) ಹೋದ ಮೆಸೇಜ್ ವಾಪಸ್ ಬರಂಗಿಲ್ಲ, ಕಮಿಟ್ ಆದ ಮ್ಯಾಲೆ ಕಳಿಸೋದ ಚಲೋ.

ಯಾರು ಏನು ತಿದ್ದಿದ್ರು ಅನ್ನೋ ಲಾಗ್‌ಗೆ ಮಾತ್ರ ರಿಕ್ವೈರ್ಸ್ ನ್ಯೂ ಬೇಕ ಬೇಕು, ಬಿಲ್ ಬಿದ್ರೂ ಲಾಗ್ ಉಳೀಬೇಕಲ್ಲ. ಅದೂ ಒಮ್ಮೆ ಉಳೀಲಿಲ್ಲ. ನಮ್ಮ ಹುಡುಗ ಲಾಗ್ ಮೆಥಡ್ ಅದ ಕ್ಲಾಸಿನ್ಯಾಗ ಬರ್ದು ಸೀದಾ ಕರದಿದ್ದ. ಒಳಗಿಂದೊಳಗ ಕರದ್ರ ಕಂಟೇನರ್‌ಗೆ (ಈ ಸೆಟ್ಟಿಂಗ್ ಎಲ್ಲಾ ನೋಡ್ಕೊಳ್ಳೋ ಸರ್ವರ್ ಭಾಗ) ಗೊತ್ತ ಆಗಂಗಿಲ್ರಿ, ಹಚ್ಚಿದ ಸೆಟ್ಟಿಂಗ್ ದಂಡ. ಬ್ಯಾರೆ ಬೀನ್‌ಗೆ (ಕಂಟೇನರ್ ನಡಸೋ ಕ್ಲಾಸು) ಹಾಕಿದ್ವಿ, ಸರಿ ಹೋತು.

ಇನ್ನೊಂದು, ಬಾಕಿ ಕಮ್ಮಿ ಐತಿ ಅಂತ ನಾವ ಒಂದು ಚೆಕ್ಡ್ ಎಕ್ಸೆಪ್ಷನ್ (ಬರಬಹುದು ಅಂತ ಕೋಡಿನ್ಯಾಗ ಮೊದ್ಲ ಹೇಳ್ಲೇಬೇಕಾದ ಎರರ್) ಮಾಡಿದ್ವಿ. ಇಜೆಬಿ ಅದಕ್ಕ ತಾನಾಗೆ ರೋಲ್‌ಬ್ಯಾಕ್ ಮಾಡಂಗಿಲ್ಲ, ರನ್‌ಟೈಮ್ ಎಕ್ಸೆಪ್ಷನ್‌ಗೆ ಅಷ್ಟ ಮಾಡ್ತೈತಿ. ಸ್ಕ್ರೀನ್ ಮ್ಯಾಲೆ ಕೆಂಪಕ್ಷರದಾಗ ಎರರ್, ಡೇಟಾಬೇಸ್‌ನ್ಯಾಗ ಅರ್ಧ ಬಿಲ್. ಎಕ್ಸೆಪ್ಷನ್ ಕ್ಲಾಸ್ ಮ್ಯಾಲೆನ ರೋಲ್‌ಬ್ಯಾಕ್ ಟ್ರೂ ಅಂತ ಬರಿಯೂತನ ಆ ಅರ್ಧ ಬಿಲ್‌ಗಳನ್ನ ನಾನ ಕುಂತು ಕೈಯಿಂದ ಅಳಿಸ್ತಿದ್ದೆ.