ಇಬ್ಬರ ಕೈಯಲ್ಲೂ ಅವೇ ಎಂಟು ಕಾರ್ಡ್ ಇದ್ದರೆ, ಆಟ ಬರೀ ಅದೃಷ್ಟ ಅಲ್ವಾ?

ಓದುಗರ ಪ್ರಶ್ನೆ: ಬ್ರೇವ್‌ರ‍್ಯಾಟ್ಸ್ ಆಡುತ್ತಿದ್ದೇವೆ. ಇಬ್ಬರ ಹತ್ತಿರವೂ ಒಂದೇ ಥರದ ಕಾರ್ಡ್‌ಗಳು. ಇಬ್ಬರೂ ಒಂದೊಂದು ಕವುಚಿ ಇಟ್ಟು, ಒಟ್ಟಿಗೆ ತಿರುಗಿಸುತ್ತೇವೆ. ಸುಮ್ನೆ ಊಹಿಸೋದು ಬಿಟ್ಟರೆ ಇದರಲ್ಲಿ ಜಾಣತನಕ್ಕೆ ಜಾಗ ಎಲ್ಲಿದೆ?

ಮೊದಲ ಸುತ್ತಿನ ಮಟ್ಟಿಗೆ ನಿಮ್ಮ ಮಾತು ನಿಜ, ಅದು ಊಹೆಯೇ. ಆದರೆ ಹಾಕಿದ ಕಾರ್ಡ್ ಮತ್ತೆ ಕೈಗೆ ಬರುವುದಿಲ್ಲ. ಎರಡನೇ ಸುತ್ತಿನಿಂದಲೇ ಎದುರಿನವರ ಕೈಯಲ್ಲಿ ಏನು ಉಳಿದಿದೆ ಅಂತ ನಿಮಗೆ ಪೂರ್ತಿ ಗೊತ್ತು. ಆಟ ಶುರುವಾಗುವುದೇ ಅಲ್ಲಿಂದ.

ಹೊಸಬರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಇದು ಜಪಾನಿನ ಸೇಜಿ ಕನಾಯ್ ರೂಪಿಸಿದ ಆಟ. ಸೊನ್ನೆಯಿಂದ 7ರವರೆಗೆ ಕಾರ್ಡ್‌ಗಳು, ದೊಡ್ಡ ಸಂಖ್ಯೆಗೆ ಸುತ್ತು. ಮೊದಲು 4 ಸುತ್ತು ಗೆದ್ದವರಿಗೆ ಆಟ. ಆದರೆ ಪ್ರತಿ ಕಾರ್ಡಿಗೂ ಒಂದು ಶಕ್ತಿ ಇದೆ. 3ರ ಹಂತಕ ಬಂದರೆ ಲೆಕ್ಕ ತಲೆಕೆಳಗಾಗಿ ಚಿಕ್ಕ ಸಂಖ್ಯೆ ಗೆಲ್ಲುತ್ತದೆ. 4ರ ರಾಯಭಾರಿ ಗೆದ್ದರೆ ಎರಡು ಸುತ್ತಿನ ಲೆಕ್ಕ. 5ರ ಮಾಂತ್ರಿಕ ಎದುರಿನ ಕಾರ್ಡಿನ ಶಕ್ತಿಯನ್ನೇ ಕಿತ್ತುಕೊಳ್ಳುತ್ತಾನೆ. 7ರ ರಾಜಕುಮಾರ ಹಂತಕನಿಗೂ ಜಗ್ಗುವುದಿಲ್ಲ. ಆದರೆ ಅವನೆದುರು 1ರ ರಾಜಕುಮಾರಿ ಬಂದರೆ, ಆ ಸುತ್ತಲ್ಲ, ಇಡೀ ಆಟವೇ ಅವಳದು.

ಈಗ ಒಂದು ಸನ್ನಿವೇಶ ನೋಡಿ. ಇಬ್ಬರೂ ತಲಾ 3 ಗೆದ್ದಿದ್ದೀರಿ. ನಿಮ್ಮ ಕೈಯಲ್ಲಿ ರಾಜಕುಮಾರ ಮತ್ತು 6ರ ಸೇನಾಪತಿ. ಎದುರಿನವರ ಹತ್ತಿರ ರಾಜಕುಮಾರಿ ಮತ್ತು ಮಾಂತ್ರಿಕ. ಹಿಂದಿನ ಸುತ್ತಿನ ಯಾವ ಶಕ್ತಿಯೂ ಬಾಕಿ ಇಲ್ಲ. ಹೆಚ್ಚಿನವರ ಕೈ ತಾನಾಗಿಯೇ ರಾಜಕುಮಾರನ ಕಡೆ ಹೋಗುತ್ತದೆ, ದೊಡ್ಡ ಕಾರ್ಡ್ ಅಲ್ವಾ? ಆದರೆ ಇಲ್ಲಿ ಸೋಲಬಹುದಾದ ಕಾರ್ಡ್ ಅದೊಂದೇ. ಸೇನಾಪತಿ 1ನ್ನೂ ಗೆಲ್ಲುತ್ತಾನೆ, 5ನ್ನೂ ಗೆಲ್ಲುತ್ತಾನೆ. ಊಹೆಯೇ ಬೇಡ.

ಇದೇ ಕಾರ್ಡ್‌ಗಳು, ಅವುಗಳ ಜೊತೆ ಇಬ್ಬರ ಹತ್ತಿರವೂ ಇನ್ನೆರಡು ಕಾರ್ಡ್ ಉಳಿದಿವೆ, ಆದರೆ ಇಬ್ಬರೂ ತಲಾ 2ರಲ್ಲಿದ್ದೀರಿ, ಅಂದರೆ ಇನ್ನೂ ಎರಡು ಸುತ್ತು ಗೆಲ್ಲಬೇಕು ಅಂದುಕೊಳ್ಳಿ. ಸೇನಾಪತಿ ಹಾಕುತ್ತೀರಿ, ಅವರು ಮಾಂತ್ರಿಕನನ್ನು ಹಾಕುತ್ತಾರೆ. ಸುತ್ತು ನಿಮ್ಮದೇ. ಆದರೆ ಸೇನಾಪತಿ ಖರ್ಚಾದ, ಮುಂದೆ ನಿಮ್ಮ ರಾಜಕುಮಾರನ ಎದುರು ಅವರ ರಾಜಕುಮಾರಿ ಬಂದರೆ? ಆಟ ಹೋಯಿತು! ಅಂಕ, ಉಳಿದ ಕಾರ್ಡ್ ಬದಲಾದರೆ ಸಾಕು, ಕಣ್ಣು ಮುಚ್ಚಿ ಹಾಕಬಹುದಾಗಿದ್ದ ಕಾರ್ಡ್ ಅಪಾಯದ್ದಾಗುತ್ತದೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವುದು ಇದೇ.

ಇನ್ನು ಬ್ಲಫ್. ಮಾತಾಡಿ ಯಾಮಾರಿಸುವುದು ಈ ಆಟದಲ್ಲಿ ಸಣ್ಣ ಭಾಗ. ನಿಜವಾದ ಬ್ಲಫ್ ನೀವು ಹಾಕದೆ ಉಳಿಸಿಕೊಂಡ ಕಾರ್ಡಿನಲ್ಲಿದೆ. ರಾಜಕುಮಾರಿ ನಿಮ್ಮ ಕೈಯಲ್ಲಿ ಇರುವಷ್ಟು ಹೊತ್ತು ಎದುರಿನವರು ರಾಜಕುಮಾರನನ್ನು ನಿರಾಳವಾಗಿ ಹಾಕುವಂತಿಲ್ಲ. ಅವಳನ್ನು ಅವಸರಪಟ್ಟು ಹಾಕಿದಿರೋ, ಅವರ 7ಕ್ಕೆ ಕಟ್ಟಿದ ಹಗ್ಗ ಬಿಚ್ಚಿದಂತೆ. ಅವರ ಹತ್ತಿರ 2ರ ಗೂಢಚಾರ ಉಳಿದಿದ್ದರೆ ಮಾತ್ರ ಹುಷಾರು. ಅದನ್ನು ಹಾಕಿದ ಮೇಲಿನ ಸುತ್ತಿನಲ್ಲಿ ನೀವು ಮೊದಲು ಕಾರ್ಡ್ ತೋರಿಸಬೇಕು, ಅವರು ನೋಡಿಕೊಂಡು ಹಾಕುತ್ತಾರೆ. ಅದಕ್ಕೇ ಮಾಂತ್ರಿಕನನ್ನು ಬೇಗ ಖರ್ಚು ಮಾಡಬೇಡಿ ಅನ್ನುತ್ತೇನೆ. ಗೂಢಚಾರನ ಎದುರಿಗೇ ಬಿದ್ದರೆ ಆ ಶಕ್ತಿಯೂ ಹೋಗುತ್ತದೆ.

ಹಾಗಾದರೆ ಎಷ್ಟು ಸಲ ಬ್ಲಫ್ ಮಾಡಬೇಕು? ಇದಕ್ಕೆ ಗಣಿತದಲ್ಲಿ ಹಳೆಯ ಉತ್ತರವೊಂದಿದೆ. 1950ರಲ್ಲಿ ಹೆರಾಲ್ಡ್ ಕೂನ್ ಮೂರೇ ಕಾರ್ಡಿನ ಪುಟ್ಟ ಪೋಕರ್ ಆಟವನ್ನು ವಿಶ್ಲೇಷಿಸಿದರು. ಮೊದಲನೆಯವರು ಪಣ ಕಟ್ಟದೆ ಬಿಟ್ಟಾಗ, ಎರಡನೆಯವರ ಕೈಯಲ್ಲಿ ಅತಿ ಚಿಕ್ಕ ಕಾರ್ಡ್ ಇದ್ದರೆ, ಮೂರರಲ್ಲಿ ಒಂದು ಸಲ ಬ್ಲಫ್ ಮಾಡುವುದೇ ಸರಿ ಅಂತ ಅಲ್ಲಿ ಬರುತ್ತದೆ. ಅದಕ್ಕಿಂತ ಜಾಸ್ತಿ ಮಾಡಿದರೆ ಎದುರಿನವರು ಹಿಡಿಯುತ್ತಾರೆ, ಕಡಿಮೆ ಮಾಡಿದರೆ ನಿಮ್ಮ ಒಳ್ಳೆಯ ಕಾರ್ಡಿನ ಪಣಕ್ಕೂ ಯಾರೂ ಎದುರು ಪಣ ಕಟ್ಟುವುದಿಲ್ಲ. ಬ್ರೇವ್‌ರ‍್ಯಾಟ್ಸ್‌ಗೆ ಅದೇ ಅಂಕಿ ಹೊಂದುವುದಿಲ್ಲ, ಆದರೆ ಎರಡು ಕಾರ್ಡುಗಳ ನಡುವೆ ಬೆರೆಸಿ ಆಡಬೇಕಾದ ಕಡೆ ಈ ಯೋಚನೆ ಹಾಗೇ ಹೊಂದುತ್ತದೆ.

ಬೆರೆಸುವ ಕೆಲಸವನ್ನು ಮಾತ್ರ ಮನಸ್ಸಿಗೆ ಬಿಡಬೇಡಿ. ಸೋತ ತಕ್ಷಣ ದೊಡ್ಡ ಕಾರ್ಡ್ ಹಾಕುವಂಥ ಚಾಳಿ ನಮಗೇ ಗೊತ್ತಾಗದೆ ಅಂಟಿಕೊಳ್ಳುತ್ತದೆ, ಎದುರಿಗೆ ಕೂತವರಿಗೆ ಬೇಗ ಗೊತ್ತಾಗುತ್ತದೆ. ಉದಾಹರಣೆಗೆ, ಅಪಾಯದ ಕಾರ್ಡನ್ನು ಮೂರರಲ್ಲಿ ಒಂದು ಸಲ ಹಾಕಬೇಕಿದ್ದರೆ ಗಡಿಯಾರದ ಸೆಕೆಂಡ್ ಮುಳ್ಳು ನೋಡಿ: ಮೊದಲ 20 ಸೆಕೆಂಡಿನೊಳಗಿದ್ದರೆ ಅಪಾಯದ ಕಾರ್ಡ್, ಇಲ್ಲದಿದ್ದರೆ ಇನ್ನೊಂದು.