ಗೆದ್ದ ಸೇನಾಪತಿ ಮನಿಯಾಕಿಸ್ ಬಂಡೆದ್ದದ್ದು ಏಕೆ?

ಓದುಗರ ಪ್ರಶ್ನೆ: ಸಿಸಿಲಿಯಲ್ಲಿ ಅಷ್ಟೆಲ್ಲ ಗೆದ್ದ ಜಾರ್ಜ್ ಮನಿಯಾಕಿಸ್, ಬೈಜಾಂಟೈನ್ ಸಾಮ್ರಾಜ್ಯಕ್ಕೇ ಎರಡು ಬಗೆದು ಇಟಲಿಯಲ್ಲಿ ತನ್ನದೇ ರಾಜ್ಯ ಕಟ್ಟಲು ಹೊರಟದ್ದೇಕೆ?

ಹೊರಟೇ ಇರಲಿಲ್ಲ. ಈ ಪ್ರಶ್ನೆ ಯಾರಿಂದ ಬಂದರೂ ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡೇ ಬರುತ್ತದೆ. ಹೇಳಿ ಹೇಳಿ ಸಾಕಾಗಿದೆ, ಆದರೂ ಇನ್ನೊಮ್ಮೆ.

ಅವನ ವೃತ್ತಾಂತ ಚುಟುಕಾಗಿ ಇಷ್ಟು. ಅವನು 11ನೇ ಶತಮಾನದ ಬೈಜಾಂಟೈನ್, ಅಂದರೆ ಪೂರ್ವ ರೋಮನ್, ಸಾಮ್ರಾಜ್ಯದ ಸೇನಾಪತಿ. 1030ರಲ್ಲಿ ಚಕ್ರವರ್ತಿ ಮೂರನೇ ರೊಮಾನೋಸ್ ಸಿರಿಯಾದ ಅಲೆಪ್ಪೊ ಬಳಿ ಸೋತು ಓಡಿದಾಗ ಮನಿಯಾಕಿಸ್ ಟೆಲೂಖ್ ಎಂಬ ಗಡಿಯೂರಿನ ಅಧಿಕಾರಿ. ಊರನ್ನು ಒಪ್ಪಿಸೆಂದು ಬಂದ ಅರಬ್ ದಂಡಿಗೆ ಒಪ್ಪಿದಂತೆ ನಟಿಸಿ, ಊಟ ಮದ್ಯ ಕಳುಹಿಸಿ, ಅಮಲೇರಿ ಮಲಗಿದವರನ್ನು ರಾತ್ರೋರಾತ್ರಿ ಮುಗಿಸಿದ. ಬಡ್ತಿ ಸಿಕ್ಕಿತು. ಮರುವರ್ಷ ಎಡೆಸ್ಸಾ, ಅಂದರೆ ಇಂದಿನ ಟರ್ಕಿಯ ಉರ್ಫಾ, ಅವನ ಕೈಸೇರಿತು. 1038ರಿಂದ ಸಿಸಿಲಿಯ ದಂಡಯಾತ್ರೆ. ಉತ್ತರ ಫ್ರಾನ್ಸಿನ ಮೂಲದ ನಾರ್ಮನ್ ಕುದುರೆ ಸವಾರರು, ಮುಂದೆ ನಾರ್ವೆಯ ದೊರೆಯಾದ ಹರಾಲ್ಡ್ ಹರ್ದ್ರಾದ, ಎಲ್ಲರೂ ಅವನ ಕೈಕೆಳಗಿದ್ದರು. 1040ರಲ್ಲಿ ಟ್ರೊಯಿನಾದಲ್ಲಿ ದೊಡ್ಡ ಗೆಲುವು. ಆದರೆ ನೌಕಾಪಡೆಯ ಸ್ಟೆಫನೋಸ್ ಶತ್ರು ಅಮೀರನನ್ನು ಸಮುದ್ರದ ದಾರಿಯಲ್ಲಿ ತಪ್ಪಿಸಿಕೊಳ್ಳಲು ಬಿಟ್ಟ. ಮನಿಯಾಕಿಸ್ ಸಿಟ್ಟಿಗೆದ್ದು ಅವನಿಗೆ ಹೊಡೆದ. ಸ್ಟೆಫನೋಸ್ ಆಗಿನ ಚಕ್ರವರ್ತಿ ನಾಲ್ಕನೇ ಮೈಕೇಲನ ಭಾವ. ಗೆದ್ದವನು ರಾಜದ್ರೋಹದ ಆರೋಪ ಹೊತ್ತು ಸೆರೆಮನೆ ಸೇರಿದ. 1042ರಲ್ಲಿ ಬಿಡುಗಡೆಯಾಗಿ ಮತ್ತೆ ಇಟಲಿಗೆ ಹೋದ. ಅದೇ ವರ್ಷ ಬಂಡೆದ್ದ.

ಈಗ ಆ 'ಸ್ವಂತ ರಾಜ್ಯ'ದ ಕಥೆ. ಇದಕ್ಕೆ ಪುರಾವೆಯೆಂದು ಸಿಸಿಲಿಯ ಸಿರಾಕ್ಯೂಸ್‌ನಲ್ಲಿರುವ ಮನಿಯಾಚೆ ಕೋಟೆಯನ್ನು ತೋರಿಸುತ್ತಾರೆ. ಹೆಸರು ಅವನದು, ನಿಜ. ಆದರೆ ಅದನ್ನು ಕಟ್ಟಿಸಿದವನು ಸಿಸಿಲಿಯ ದೊರೆ ಎರಡನೇ ಫ್ರೆಡರಿಕ್, ಅದೂ 13ನೇ ಶತಮಾನದಲ್ಲಿ. ಸತ್ತು ಸುಮಾರು ಇನ್ನೂರು ವರ್ಷವಾದವನು ಕೋಟೆಯಿಂದ ಆಳಲಾರ.

ಅದಕ್ಕಿಂತ ದೊಡ್ಡ ಪುರಾವೆ ನಕ್ಷೆಯಲ್ಲೇ ಇದೆ; ಯಾರೂ ಬಿಡಿಸಿ ನೋಡುವುದಿಲ್ಲ. ಇಟಲಿಯೇ ಬೇಕಾಗಿದ್ದರೆ ಅವನು ಇಟಲಿಯಲ್ಲೇ ಉಳಿಯಬೇಕಿತ್ತು. ಅವನು ಮಾಡಿದ್ದೇನು? ತನ್ನ ಜಾಗಕ್ಕೆ ಬಂದ ಪಾರ್ಡೋಸ್‌ನನ್ನು ಕೊಲ್ಲಿಸಿದ, ಸೈನಿಕರಿಂದ ಚಕ್ರವರ್ತಿ ಎಂದು ಘೋಷಿಸಿಕೊಂಡ, 1043ರ ಆರಂಭದಲ್ಲಿ ಇಟಲಿಯನ್ನು ಅಷ್ಟರಲ್ಲಿ ತಿರುಗಿಬಿದ್ದಿದ್ದ ನಾರ್ಮನ್ನರ ಪಾಲಿಗೆ ಬಿಟ್ಟು ಸಮುದ್ರ ದಾಟಿದ. ಇಂದಿನ ಅಲ್ಬೇನಿಯಾದ ಡಿರಾಕಿಯಂ ಬಳಿ ಇಳಿದು ಥೆಸಲೋನಿಕಿಯ ಕಡೆಗೆ ನಡೆದ. ಆ ದಾರಿ ಹೋಗಿ ಮುಟ್ಟುವುದು ಸಾಮ್ರಾಜ್ಯದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೆ. ಬೇಕಾಗಿದ್ದದ್ದು ಸಿಂಹಾಸನ, ಸೀಮೆಯಲ್ಲ.

ಸಾಮಂತರು ಬಲಿತು ಸ್ವತಂತ್ರರಾದರು ಎಂದು ಪಠ್ಯಪುಸ್ತಕದಲ್ಲಿ ಓದಿ ಬೆಳೆದ ನಮಗೆ ಬಂಡಾಯವೆಂದರೆ ಬೇರೆಯಾಗುವುದು. ಅಲ್ಲಿ ಲೆಕ್ಕ ಬೇರೆ. ಮಗನಿಗೇ ಪಟ್ಟ ಎಂಬ ಕಾನೂನು ಬೈಜಾಂಟಿಯಂನಲ್ಲಿ ಇರಲಿಲ್ಲ. ಸೇನೆ, ಸೆನೆಟ್, ರಾಜಧಾನಿಯ ಜನ ಜಯಕಾರ ಹಾಕಿದರೆ ಅವನೇ ಚಕ್ರವರ್ತಿ. 963ರಲ್ಲಿ ಸೇನಾಪತಿ ನಿಕೆಫೊರೋಸ್ ಫೋಕಾಸ್ ಹೀಗೆಯೇ ಪಟ್ಟವೇರಿದ; ಅವನನ್ನು ಯಾರೂ ಬಂಡಾಯಗಾರ ಎನ್ನುವುದಿಲ್ಲ, ಏಕೆಂದರೆ ಗೆದ್ದ. ಮನಿಯಾಕಿಸ್ ಸೋತ. ಅಷ್ಟಕ್ಕೂ ಅವನನ್ನು ದ್ರೋಹಿ ಎಂದು ಕರೆದ ಒಂಬತ್ತನೇ ಕಾನ್‌ಸ್ಟಂಟೈನ್ ಯಾರು? ಪಿತೂರಿಯ ಶಂಕೆಯ ಮೇಲೆ ಲೆಸ್ಬೋಸ್ ದ್ವೀಪಕ್ಕೆ ಗಡಿಪಾರಾಗಿದ್ದು, ರಾಣಿ ಜೋಯಿಯನ್ನು ಮದುವೆಯಾಗಿ 1042ರಲ್ಲಿ ಪಟ್ಟಕ್ಕೆ ಬಂದವನು!

ಹಾಗಾದರೆ ಕಿಡಿ ಹೊತ್ತಿದ್ದು ಎಲ್ಲಿ? ಇಂದಿನ ಟರ್ಕಿಯ ಅನಾಟೋಲಿಯಾದಲ್ಲಿ ಮನಿಯಾಕಿಸನ ಜಮೀನಿನ ನೆರೆಯವನು ರೊಮಾನೋಸ್ ಸ್ಕ್ಲೆರೋಸ್. ಇಬ್ಬರಿಗೂ ಹಳೆಯ ಜಗಳ. ಹೊಸ ಚಕ್ರವರ್ತಿಯ ಪ್ರೇಯಸಿ ಈ ರೊಮಾನೋಸನ ತಂಗಿ. ಬಲ ಸಿಕ್ಕ ಕೂಡಲೇ ಅವನು ಮನಿಯಾಕಿಸ್‌ನ ಆಸ್ತಿಯನ್ನು ಸೂರೆ ಮಾಡಿ, ಹೆಂಡತಿಯ ಶೀಲವನ್ನೂ ಕೆಡಿಸಿದ ಎಂದು ಚರಿತ್ರಕಾರ ಸ್ಕಿಲಿಟ್ಜಿಸ್ ಬರೆಯುತ್ತಾನೆ. ಅದರ ಬೆನ್ನಿಗೇ ಪದಚ್ಯುತಿಯ ಆಜ್ಞೆ. ಒಮ್ಮೆ ಸೆರೆಮನೆ ಕಂಡವನು ಎರಡನೆಯ ಸಲ ನಂಬಿ ಹೋಗಬೇಕಿತ್ತೇ? ಅವನನ್ನು ಕಣ್ಣಾರೆ ಕಂಡು, ಹತ್ತು ಅಡಿ ಎತ್ತರದವನೆಂದು ಉತ್ಪ್ರೇಕ್ಷಿಸಿದ ಆಸ್ಥಾನದ ಚರಿತ್ರಕಾರ ಮೈಕೇಲ್ ಸೆಲ್ಲೋಸ್ ಕೂಡ ತಪ್ಪಿನ ದೊಡ್ಡ ಪಾಲನ್ನು ಅರಮನೆಯ ಮೇಲೆಯೇ ಹೊರಿಸುತ್ತಾನೆ. ಹಾಗೆಂದು ಇವನನ್ನು ಸಾಧುವಾಗಿಸುವುದೂ ಬೇಡ; ದಕ್ಷಿಣ ಇಟಲಿಯ ಊರುಗಳಲ್ಲಿ ಇವನು ನಡೆಸಿದ ಕ್ರೌರ್ಯ ಸಣ್ಣದಲ್ಲ.

1043ರಲ್ಲಿ ಉತ್ತರ ಗ್ರೀಸಿನ ಓಸ್ತ್ರೋವೊ ಬಳಿ ಕಾಳಗ ಅವನ ಕಡೆಗೇ ವಾಲುತ್ತಿರುವಾಗ ಪಕ್ಕೆಗೆ ಪೆಟ್ಟು ಬಿದ್ದು ಸತ್ತ. ತಲೆ ರಾಜಧಾನಿಯಲ್ಲಿ ಮೆರವಣಿಗೆ ಹೋಯಿತು.

ಅವನ ಸೈನಿಕರು ಏನಾದರು ಎಂದು ಯಾರೂ ಕೇಳುವುದಿಲ್ಲ. ನನಗೆ ಅದೇ ಹೆಚ್ಚು ಸ್ವಾರಸ್ಯ. ಇಟಲಿಯಿಂದ ಅವನ ಹಿಂದೆ ಬಂದವರಲ್ಲಿ ಹಲವರು ಸಾಮ್ರಾಜ್ಯದ ಸೇವೆಗೇ ಸೇರಿದರು. ಅವರ ದಳಕ್ಕೆ ಮನಿಯಾಕಿಸ್‌ನ ಹೆಸರೇ ಉಳಿಯಿತು. 1078ರಲ್ಲಿ ಕಲವ್ರಿಯೆಯ ಯುದ್ಧದಲ್ಲಿ ಆ ದಳ ಮತ್ತೆ ಕಾಣಿಸುತ್ತದೆ, ಇನ್ನೊಬ್ಬ ಬಂಡಾಯಗಾರ ನಿಕೆಫೊರೋಸ್ ಬ್ರಿಯೆನ್ನಿಯೋಸ್‌ನ ಪರವಾಗಿ. ಅಲ್ಲಿ ಅವರನ್ನು ಸೋಲಿಸಿದ ಸರ್ಕಾರಿ ಸೇನಾಪತಿ ಅಲೆಕ್ಸಿಯೋಸ್ ಕೊಮ್ನಿನೋಸ್. ಮೂರು ವರ್ಷ ಕಳೆಯುವುದರೊಳಗೆ ಅವನೂ ಬಂಡೆದ್ದ. 1081ರಲ್ಲಿ ಚಕ್ರವರ್ತಿಯಾಗಿ 1118ರವರೆಗೆ ಆಳಿದ.